ಕಾಬೂಲಿನ ತಾಯಿ-ಮಕ್ಕಳ ಆಸ್ಪತ್ರೆ: ನಾಲ್ವರು ಪಾಲುದಾರರ ಸಂಸ್ಥೆ ನಡೆಯುವುದು ಹೇಗೆ?

ಕೆರೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಸಮಾಜಕಾರ್ಯ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿ. ಕಿರುಪ್ರಬಂಧಕ್ಕಾಗಿ ಕಾಬೂಲಿನ ‘ಫ್ರೆಂಚ್ ಮೆಡಿಕಲ್ ಇನ್‌ಸ್ಟಿಟ್ಯೂಟ್ ಫಾರ್ ಮದರ್ಸ್ ಆಂಡ್ ಚಿಲ್ಡ್ರನ್’ ಎಂಬ ಆಸ್ಪತ್ರೆಯನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಪ್ರೇರಣೆ ನಮ್ಮ ಹಾಸ್ಟೆಲಿನಲ್ಲಿರುವ ಅಫ್ಘಾನಿಸ್ತಾನದ ಸಹಪಾಠಿ. ಅವರ ಚಿಕ್ಕಪ್ಪನ ಮಗಳಿಗೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿತ್ತಂತೆ. ಊರಿನಿಂದ ಎರಡು ದಿನ ಪ್ರಯಾಣ ಮಾಡಿ ಆ ಮಗುವನ್ನು ಅಲ್ಲಿಗೆ ಕರೆದೊಯ್ದಾಗ, ಮೇಜಿನ ಹಿಂದೆ ಕುಳಿತಿದ್ದ ಮಹಿಳೆಯೊಬ್ಬರು ಕಾಯಿಲೆಯ ವಿಚಾರವನ್ನು ಬದಿಗಿಟ್ಟು, ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ, ಸ್ವಂತ ಜಮೀನಿದೆಯೇ, ಕುರಿಗಳೆಷ್ಟಿವೆ ಎಂದು ವಿಚಾರಿಸಿದ್ದು ಚಿಕ್ಕಪ್ಪನಿಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದಂತೆ.

ಈ ಆಸ್ಪತ್ರೆಯು ಅಫ್ಘಾನಿಸ್ತಾನದ ಸರ್ಕಾರ, ಫ್ರಾನ್ಸಿನ ಸರ್ಕಾರ, ಫ್ರಾನ್ಸಿನ ಒಂದು ಸ್ವಯಂಸೇವಾ ಸಂಸ್ಥೆ ಮತ್ತು ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ ಅವರ ಸೇವಾಸಂಸ್ಥೆಗಳ ಸಮೂಹವಾದ ಆಗಾ ಖಾನ್ ಅಭಿವೃದ್ಧಿ ಜಾಲ ಎಂಬ ನಾಲ್ವರ ಪಾಲುದಾರಿಕೆಯೆಂದು ಎಲ್ಲ ಕಡೆಯೂ ಬರೆದಿದೆ. ಆದರೆ ನಾಲ್ವರಲ್ಲಿ ಯಾರ ಕೆಲಸ ಯಾವುದು ಎಂಬುದು ನನಗೆ ಸ್ಪಷ್ಟವಾಗುತ್ತಿಲ್ಲ. ಹೆಸರು ಫ್ರೆಂಚ್, ಆಡಳಿತ ಕರಾಚಿಯ ವಿಶ್ವವಿದ್ಯಾಲಯದ್ದು, ನೆಲ ಕಾಬೂಲಿನದು. ಬಡವರಿಗಾಗಿ ಇರುವ ಆಸ್ಪತ್ರೆ ಎನ್ನುತ್ತಾರೆ, ಆದರೆ ಶುಲ್ಕವಿದೆ. ಇದನ್ನು ದತ್ತಿ ಆಸ್ಪತ್ರೆ ಎನ್ನಬೇಕೋ, ಖಾಸಗಿ ಆಸ್ಪತ್ರೆ ಎನ್ನಬೇಕೋ? ಇದಲ್ಲದೆ, ಹೆರಿಗೆಯಲ್ಲೇ ಸಾವಿರಾರು ತಾಯಂದಿರು ಸಾಯುತ್ತಿದ್ದ ದೇಶದಲ್ಲಿ ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆಯಿಂದ ಆರಂಭಿಸಿದ್ದು ಸರಿಯೇ ಎಂದು ನಮ್ಮ ಮಾರ್ಗದರ್ಶಕರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಗಳ ಒಳಗಿನ ವ್ಯವಹಾರವನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಹಳೆಯ ಲೆಕ್ಕಪುಸ್ತಕ

ಕರಾವಳಿಯ ಒಂದು ಟ್ರಸ್ಟ್ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಕಾಬೂಲನ್ನು ಕಂಡವನಲ್ಲ. ಆದರೂ ಆ ಕುರಿಗಳ ಪ್ರಶ್ನೆಯನ್ನು ಓದಿದ ಕೂಡಲೇ ಪರಿಚಿತರನ್ನು ಕಂಡಂತಾಯಿತು. ನಮ್ಮಲ್ಲಿ ಬಿಪಿಎಲ್ ಕಾರ್ಡ್ ಎಂಬುದೊಂದು ಇರುವುದರಿಂದ ಬಡವರು ಯಾರು ಎಂಬ ತೀರ್ಮಾನವನ್ನು ಆಹಾರ ಇಲಾಖೆಯ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುತ್ತೇವೆ. ಅಂಥ ಕಾರ್ಡೇ ಇಲ್ಲದ ದೇಶದಲ್ಲಿ ಆ ತೀರ್ಮಾನವನ್ನು ಆಸ್ಪತ್ರೆಯೇ ಮಾಡಬೇಕಾಗುತ್ತದೆ, ಮತ್ತು ಅದನ್ನು ಮಾಡುವುದು ಮೇಜಿನ ಹಿಂದೆ ಕುಳಿತ ಆ ಮಹಿಳೆಯೇ. ರೋಗಿಗಳ ಕಲ್ಯಾಣ ಕಾರ್ಯಕ್ರಮ ಎಂಬ ಹೆಸರಿನಲ್ಲಿ ಅಲ್ಲಿ ನಡೆಯುವ ಏರ್ಪಾಡಿನಲ್ಲಿ ಕುಟುಂಬದ ಶಕ್ತಿಯನ್ನು ಅಳೆದು, ಕೊಡಬಲ್ಲವರಿಂದ ಪೂರ್ತಿ ಶುಲ್ಕವನ್ನೂ, ಕೆಲವರಿಂದ ಒಂದು ಭಾಗವನ್ನೂ ಪಡೆದು, ಏನೂ ಇಲ್ಲದವರಿಗೆ ಪೂರ್ತಿ ವಿನಾಯಿತಿ ಕೊಡಲಾಗುತ್ತದೆ. ಕುರಿಗಳ ಸಂಖ್ಯೆಯನ್ನು ಯಾರೂ ಸರಿಯಾಗಿ ಹೇಳುವುದಿಲ್ಲ ಎಂಬುದು ಕೇಳುವವರಿಗೂ ಗೊತ್ತಿರುತ್ತದೆ. ನಮ್ಮಲ್ಲಿ ಅಡಿಕೆ ತೋಟದ ಗುಂಟೆಗಳೂ ಹೀಗೆಯೇ ಕೌಂಟರಿನ ಮುಂದೆ ಕುಗ್ಗುತ್ತಿದ್ದವು.

ಶುಲ್ಕವಿದ್ದ ಮಾತ್ರಕ್ಕೆ ಇದನ್ನು ಖಾಸಗಿ ಆಸ್ಪತ್ರೆ ಎನ್ನಲಾಗದು. ಯಾವುದೇ ಆಸ್ಪತ್ರೆಯಲ್ಲಿ ಕಟ್ಟಡದ ಖರ್ಚು ಒಮ್ಮೆ ಬಂದು ಹೋಗುತ್ತದೆ, ಉಪಕರಣಗಳ ಖರ್ಚು ಏಳೆಂಟು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಸಂಬಳ, ಔಷಧಿ, ಆಮ್ಲಜನಕ ಮತ್ತು ಡೀಸೆಲ್ ಮಾತ್ರ ತಿಂಗಳು ತಿಂಗಳೂ ಬಾಗಿಲು ತಟ್ಟುತ್ತವೆ. ದಾನಿಗಳಿಗೆ ಕಟ್ಟಡದ ಮೇಲೆ ಪ್ರೀತಿ, ಏಕೆಂದರೆ ಅದರ ಮೇಲೆ ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ಡೀಸೆಲ್ ಬಿಲ್ಲಿನ ಮೇಲೆ ಹೆಸರು ಕೆತ್ತಿಸಿದವರನ್ನು ನಾನು ನೋಡಿಲ್ಲ. ನಾನು ಮೊದಲು ಕೆಲಸ ಮಾಡಿದ, ಹೆಸರು ಹೇಳಲಿಚ್ಛಿಸದ ಇನ್ನೊಂದು ಆಸ್ಪತ್ರೆಯಲ್ಲಿ ವಿದೇಶದಿಂದ ದಾನವಾಗಿ ಬಂದ ಎರಡು ಇನ್‌ಕ್ಯುಬೇಟರುಗಳು ಬಿಡಿಭಾಗಕ್ಕೆ ಬಜೆಟ್ ಇಲ್ಲದೆ ಮೂರು ವರ್ಷ ಉಗ್ರಾಣದಲ್ಲಿ ಬಟ್ಟೆ ಹೊದ್ದು ಕುಳಿತಿದ್ದವು. ಹೀಗಾಗಿ ಇಂಥ ಪಾಲುದಾರಿಕೆಯನ್ನು ಅಳೆಯುವಾಗ ಕಟ್ಟಿಸಿದವರು ಯಾರು ಎಂದು ಕೇಳುವುದಕ್ಕಿಂತ, ವರ್ಷದ ಕೊನೆಯಲ್ಲಿ ಬೀಳುವ ಕೊರತೆಯನ್ನು ತುಂಬುವವರು ಯಾರು, ವೈದ್ಯರನ್ನು ನೇಮಿಸುವ ಮತ್ತು ತೆಗೆಯುವ ಅಧಿಕಾರ ಯಾರದು ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು ಎಂಬುದು ನನ್ನ ಅನುಭವ.

ಕಾಬೂಲಿನ ವಿಷಯದಲ್ಲಿ ಈ ಎರಡಕ್ಕೂ ಉತ್ತರ ಸಿಗುತ್ತದೆ. ತಾಲಿಬಾನ್ ಸರ್ಕಾರ 2001ರಲ್ಲಿ ಬಿದ್ದ ಮೇಲೆ, ಯುದ್ಧ ವರದಿಗಾರ್ತಿಯಾಗಿದ್ದ ಫ್ರೆಂಚ್ ಪತ್ರಕರ್ತೆ ಮರೀನ್ ಜಾಕ್ಮೆಂ ಮತ್ತು ನಟಿ ಮ್ಯುರಿಯೆಲ್ ರೋಬೆಂ ಅಫ್ಘಾನ್ ಮಕ್ಕಳಿಗಾಗಿ ಆಸ್ಪತ್ರೆಯೊಂದನ್ನು ಕಟ್ಟಲು ಫ್ರಾನ್ಸಿನಲ್ಲಿ ನಿಧಿ ಸಂಗ್ರಹಕ್ಕೆ ಮುಂದಾದರು. ಹೃದಯ ಶಸ್ತ್ರವೈದ್ಯ ಆಲೆಂ ದೆಲೋಷ್ ಕಟ್ಟಿದ, ‘ಭರವಸೆಯ ಸರಪಳಿ’ ಎಂಬ ಅರ್ಥದ ಹೆಸರುಳ್ಳ ‘ಲಾ ಶೆನ್ ದ ಲೆಸ್ಪ್ವಾರ್’ ಸಂಸ್ಥೆಯು ವೈದ್ಯಕೀಯ ಭಾಗವನ್ನು ಹೊತ್ತುಕೊಂಡಿತು. ಆದರೆ ಫ್ರಾನ್ಸಿನಿಂದ ಬಂದ ಶಸ್ತ್ರವೈದ್ಯರು ತಮ್ಮ ರಜೆಯಲ್ಲಿ ಬಂದು ಕೆಲವು ವಾರ ಆಪರೇಷನ್ ಮಾಡಿ ಹಿಂತಿರುಗುವವರು. ಅವರು ಹೋದ ಮರುದಿನವೂ ಐಸಿಯು ನಡೆಯಬೇಕಲ್ಲ? ಆ ಹೊಣೆಯನ್ನು ಹೊತ್ತದ್ದು ಆಗಾ ಖಾನ್ ಅಭಿವೃದ್ಧಿ ಜಾಲ, ಮತ್ತು ಅದರ ಪರವಾಗಿ ದಿನನಿತ್ಯದ ಆಡಳಿತವನ್ನು ನಡೆಸುವುದು ಕರಾಚಿಯಲ್ಲಿ ತನ್ನದೇ ದೊಡ್ಡ ಆಸ್ಪತ್ರೆಯನ್ನು ಹೊಂದಿರುವ ಆಗಾ ಖಾನ್ ವಿಶ್ವವಿದ್ಯಾಲಯ. 2006ರ ಏಪ್ರಿಲ್‌ನಲ್ಲಿ ಆಸ್ಪತ್ರೆ ವಿಧ್ಯುಕ್ತವಾಗಿ ಆರಂಭವಾದಾಗ ಇದು ಮಕ್ಕಳ ಆಸ್ಪತ್ರೆ ಮಾತ್ರವಾಗಿತ್ತು. ಸುಮಾರು ಹತ್ತು ವರ್ಷಗಳ ನಂತರ ಹೆರಿಗೆ ಮತ್ತು ನವಜಾತ ಶಿಶು ವಿಭಾಗಗಳು ಸೇರಿದ ಮೇಲೆ ಹೆಸರಿನಲ್ಲಿ ತಾಯಂದಿರೂ ಸೇರಿಕೊಂಡರು. ಎಫ್‌ಎಂಐಸಿ ಎಂಬ ಸಂಕ್ಷಿಪ್ತ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಹಳೆಯ ವರದಿಗಳನ್ನು ಓದುವಾಗ ಇದರ ಬಗ್ಗೆ ಎಚ್ಚರವಿರಲಿ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಭಾರತದ ನೆರವಿನಿಂದ ಕಟ್ಟಲಾದ, ಇಂದಿರಾ ಗಾಂಧಿಯವರ ಹೆಸರಿನ ಮಕ್ಕಳ ಆಸ್ಪತ್ರೆಯೂ ಕಾಬೂಲಿನಲ್ಲಿದೆ. ಅದು ಬೇರೆ, ಸರ್ಕಾರಿ ಆಸ್ಪತ್ರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಪಕ್ಕ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಹೆಸರೂ ಅದೇ ಆದ್ದರಿಂದ ಅಂತರ್ಜಾಲದಲ್ಲಿ ಹುಡುಕಿದರೆ ಮೂರರ ಅಂಕಿಅಂಶಗಳೂ ಕಲಸಿಕೊಂಡು ಬರುತ್ತವೆ.

ಹೆರಿಗೆ ವಾರ್ಡಿನಿಂದ

ನಾನು ಉತ್ತರ ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ರಸೂತಿ ತಜ್ಞೆಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಲೆಕ್ಕಿಗರು ಹಣದ ವಿಚಾರವನ್ನು ಚೆನ್ನಾಗಿ ಬಿಡಿಸಿದ್ದಾರೆ. ಆದರೆ ನಿಮ್ಮ ಮಾರ್ಗದರ್ಶಕರ ಪ್ರಶ್ನೆಯನ್ನು ಅವರು ಮುಟ್ಟಿಲ್ಲ. ನಾನು ಆ ಪ್ರಶ್ನೆಯ ಪಕ್ಷದವಳು.

ಯುದ್ಧ ಮುಗಿದ ಹೊಸತರಲ್ಲಿ, 2002ರಲ್ಲಿ, ಅಫ್ಘಾನಿಸ್ತಾನದ ನಾಲ್ಕು ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಆಧಾರದ ಮೇಲೆ ದೇಶದ ತಾಯಂದಿರ ಮರಣ ಪ್ರಮಾಣವನ್ನು ಒಂದು ಲಕ್ಷ ಜೀವಂತ ಜನನಗಳಿಗೆ ಸುಮಾರು 1,600 ಎಂದು ಅಂದಾಜು ಮಾಡಲಾಗಿತ್ತು. ಕಾಬೂಲಿನಲ್ಲಿ ಅದು 400ರ ಆಸುಪಾಸಿನಲ್ಲಿದ್ದರೆ, ಈಶಾನ್ಯದ ಬದಖ್‌ಶಾನ್ ಪ್ರಾಂತ್ಯದ ರಾಘ್ ಎಂಬ ಗುಡ್ಡಗಾಡು ಜಿಲ್ಲೆಯಲ್ಲಿ 6,500 ದಾಟಿತ್ತು. 2019-21ರ ಸಾಲಿನಲ್ಲಿ ನಮ್ಮ ಕರ್ನಾಟಕದ ಪ್ರಮಾಣ 63. ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ರಾಜಧಾನಿಯಲ್ಲಿ ಹೃದಯದ ಶಸ್ತ್ರಚಿಕಿತ್ಸಾ ಕೊಠಡಿಯನ್ನು ತೆರೆದದ್ದರ ಬಗ್ಗೆ ಸಂಭ್ರಮಿಸುವುದು ನನಗೆ ಕಷ್ಟವಾಗುತ್ತದೆ. ರಾಘ್‌ನ ಹೆಂಗಸರು ಹೆಚ್ಚಾಗಿ ಸತ್ತದ್ದು ಮಗು ಸಿಕ್ಕಿಕೊಂಡು ಹೆರಿಗೆ ಮುಂದುವರಿಯದೆ, ಉಳಿದ ಕಡೆಗಳಲ್ಲಿ ಸತ್ತದ್ದು ಹೆಚ್ಚಾಗಿ ರಕ್ತಸ್ರಾವದಿಂದ. ಹೆರಿಗೆಯ ನಂತರ ಗರ್ಭಕೋಶ ಬಿಗಿದುಕೊಳ್ಳದೆ ರಕ್ತ ಹರಿಯತೊಡಗಿದರೆ ಎರಡು ಗಂಟೆಗಳಲ್ಲಿ ತಾಯಿ ತೀರಿಹೋಗಬಹುದು. ಎರಡು ದಿನದ ದಾರಿಯಾಚೆ ಎಂಥ ಆಸ್ಪತ್ರೆಯಿದ್ದರೇನು?

ನನ್ನ ಸೇವೆಯ ಆರಂಭದ ವರ್ಷಗಳಲ್ಲಿ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತನಿಧಿ ಇರಲಿಲ್ಲ. ಒಂದು ರಾತ್ರಿ ಮೂರನೆಯ ಹೆರಿಗೆಯ ಬಾಣಂತಿಯೊಬ್ಬಳಿಗೆ ರಕ್ತ ಹೋಗತೊಡಗಿದಾಗ, ಆಕೆಯ ಭಾವಮೈದುನ ರಕ್ತದ ಮಾದರಿಯ ಸೀಸೆಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಲಾರಿ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೊರಟ. ನಾನು ಮತ್ತು ದಾದಿ ಸರದಿಯ ಮೇಲೆ ಆಕೆಯ ಗರ್ಭಕೋಶವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದುಕೊಂಡೇ ಇದ್ದೆವು. ನಸುಕಿನಲ್ಲಿ ಅವನು ಥರ್ಮೋಕೋಲ್ ಡಬ್ಬಿಯಲ್ಲಿ ಎರಡು ಬಾಟಲಿ ರಕ್ತ ತಂದಾಗ ಆಕೆಗೆ ಇನ್ನೂ ಜೀವವಿತ್ತು, ಬದುಕಿದಳು. ಆದರೆ ಆ ರಾತ್ರಿ ನಮಗೆ ಬೇಕಾಗಿದ್ದದ್ದು ಒಂದು ಫ್ರಿಜ್ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ತಂತ್ರಜ್ಞ, ಅಷ್ಟೇ. ಆದ್ದರಿಂದ ಮಕ್ಕಳ ಹೃದಯಕ್ಕೆ ಮೊದಲು, ತಾಯಂದಿರಿಗೆ ಹತ್ತು ವರ್ಷದ ನಂತರ ಎಂಬ ಈ ಅನುಕ್ರಮ ತಿರುಗುಮುರುಗಾಗಿದೆ ಎಂದೇ ನನ್ನ ಅಭಿಪ್ರಾಯ. ಫ್ರಾನ್ಸಿನ ದಾನಿಗಳಿಗೆ ತುಟಿ ನೀಲಿಗಟ್ಟಿದ ಮಗುವಿನ ಚಿತ್ರ ತೋರಿಸುವುದು ಸುಲಭ. ರಕ್ತ ಹೋಗಿ ಸತ್ತ ತಾಯಿಯ ಚಿತ್ರವನ್ನು ಯಾರಿಗೂ ತೋರಿಸಲಾಗದು.

ಹಿಂದೂಕುಶ್ ಕಂಡವ

ನಾನು ಹಾಸನ ಜಿಲ್ಲೆಯವನು. ಒಂದು ನೆರವು ಸಂಸ್ಥೆಯ ಪೂರೈಕೆ ವಿಭಾಗದಲ್ಲಿ ಕೆಲಸ ಮಾಡುತ್ತ ಅಫ್ಘಾನಿಸ್ತಾನದಲ್ಲಿ, ಮುಖ್ಯವಾಗಿ ಬಾಮಿಯಾನ್ ಕಡೆ, ಕೆಲವು ವರ್ಷ ಇದ್ದೆ. ವೈದ್ಯೆಯವರ ಮಾತಿನ ಬಹುಭಾಗ ನಿಜವಾದರೂ, ಒಂದು ಆಸ್ಪತ್ರೆಯ ಮೇಲೆ ಇಡೀ ದೇಶದ ಹೊರೆಯನ್ನು ಹೊರಿಸಿದಂತಾಗಿದೆ ಎಂದು ನನಗೆ ತೋರುತ್ತದೆ.

ಹಳ್ಳಿಗಳ ತಾಯಂದಿರಿಗಾಗಿ ಬೇರೆಯದೇ ಏರ್ಪಾಡು ಅದೇ ಕಾಲದಲ್ಲಿ ಬೆಳೆಯುತ್ತಿತ್ತು. 2003ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವು ಪ್ರತಿ ಜಿಲ್ಲೆಯಲ್ಲೂ ಸಿಗಲೇಬೇಕಾದ ಮೂಲ ಸೇವೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅವನ್ನು ನಡೆಸುವ ಗುತ್ತಿಗೆಯನ್ನು ಪ್ರಾಂತ್ಯವಾರು ಸ್ವಯಂಸೇವಾ ಸಂಸ್ಥೆಗಳಿಗೆ ಕೊಟ್ಟಿತು. ವಿಶ್ವ ಬ್ಯಾಂಕ್, ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಹಣ ಒದಗಿಸಿದವು. 2002ರಲ್ಲಿ ಇಡೀ ದೇಶದಲ್ಲಿ ತರಬೇತಿ ಪಡೆದ ಸೂಲಗಿತ್ತಿಯರು 467 ಮಂದಿ ಮಾತ್ರ ಇದ್ದರು. ಹಳ್ಳಿಯವರೇ ಆರಿಸಿ ಕಳುಹಿಸಿದ ಹೆಣ್ಣುಮಕ್ಕಳಿಗೆ ಪ್ರಾಂತ್ಯ ಕೇಂದ್ರದಲ್ಲಿ ತರಬೇತಿ ಕೊಟ್ಟು ಮರಳಿ ಅದೇ ಹಳ್ಳಿಗೆ ಕಳುಹಿಸುವ ಕಾರ್ಯಕ್ರಮದಿಂದ ಮುಂದಿನ ಹತ್ತು ವರ್ಷಗಳೊಳಗೆ ಆ ಸಂಖ್ಯೆ ಹಲವು ಪಟ್ಟು ಹೆಚ್ಚಿತು. ತೊಟ್ಟಿಲನ್ನೇ ತರಬೇತಿಯ ಕೋಣೆಗೆ ತಂದು, ಪಾಠ ಕೇಳುತ್ತಲೇ ಕಾಲಿನಿಂದ ತೂಗುತ್ತಿದ್ದ ವಿದ್ಯಾರ್ಥಿನಿಯರನ್ನು ನಾನೇ ನೋಡಿದ್ದೇನೆ. ವಿಶ್ವಸಂಸ್ಥೆಯ ಸಂಸ್ಥೆಗಳ ಅಂದಾಜಿನಲ್ಲಿ 2020ರ ಹೊತ್ತಿಗೆ ಆ ದೇಶದ ತಾಯಂದಿರ ಮರಣ ಪ್ರಮಾಣ 620ಕ್ಕೆ ಇಳಿದಿದ್ದರೆ ಅದರ ಹೆಚ್ಚಿನ ಶ್ರೇಯಸ್ಸು ಆ ಹೆಣ್ಣುಮಕ್ಕಳಿಗೇ ಸೇರಬೇಕು, ಕಾಬೂಲಿನ ಯಾವ ಆಸ್ಪತ್ರೆಗೂ ಅಲ್ಲ.

ಹಾಗಾದರೆ ಹೃದಯದ ಶಸ್ತ್ರಚಿಕಿತ್ಸೆ ಏಕೆ? ಅದಕ್ಕೂ ಮೊದಲು ಹೃದಯದಲ್ಲಿ ರಂಧ್ರವಿರುವ ಮಗುವಿನ ತಂದೆಗೆ ಇದ್ದ ದಾರಿಯೆಂದರೆ ಪೇಶಾವರ, ಲಾಹೋರ್ ಅಥವಾ ದೆಹಲಿ, ಅದೂ ಮನೆ ಮಾರಿದರೆ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಮಗುವಿನ ಹೃದಯವನ್ನು ತೆರೆಯಬೇಕಾದರೆ ನಂಬಲರ್ಹವಾದ ರಕ್ತನಿಧಿ, ಹಗಲಿರುಳು ನಡೆಯುವ ಪ್ರಯೋಗಾಲಯ, ನಿಲ್ಲದ ಆಮ್ಲಜನಕ, ಚಿಕ್ಕ ಮಕ್ಕಳನ್ನು ನಿಭಾಯಿಸಬಲ್ಲ ಅರಿವಳಿಕೆ ತಜ್ಞರು ಮತ್ತು ಐಸಿಯು ದಾದಿಯರು ಇರಲೇಬೇಕು. ವೈದ್ಯೆಯವರು ಆ ರಾತ್ರಿ ಬಯಸಿದ ಫ್ರಿಜ್ ಮತ್ತು ತಂತ್ರಜ್ಞ ಇದೇ ಪಟ್ಟಿಯಲ್ಲಿದ್ದಾರೆ. ಇವೆಲ್ಲ ಒಮ್ಮೆ ನೆಲೆಗೊಂಡ ಮೇಲೆ ಹೆರಿಗೆ ವಿಭಾಗವನ್ನು ಸೇರಿಸಿದ್ದರಿಂದ, ಅಪಾಯದ ಸ್ಥಿತಿಯಲ್ಲಿ ಬರುವ ಬಸುರಿಯರನ್ನು ಮೊದಲ ದಿನದಿಂದಲೇ ಸಂಭಾಳಿಸುವ ಶಕ್ತಿ ಅದಕ್ಕೆ ಬಂತು. ಅಲ್ಲಿ ಅಫ್ಘಾನ್ ವೈದ್ಯರಿಗೆ ಸ್ನಾತಕೋತ್ತರ ತರಬೇತಿಯೂ ನಡೆಯುತ್ತದೆ. ಫ್ರೆಂಚ್ ತಂಡ ಬಂದು ಮಾಡುತ್ತಿದ್ದ ಶಸ್ತ್ರಚಿಕಿತ್ಸೆಗಳನ್ನು ಕ್ರಮೇಣ ಅವರೇ ಮಾಡತೊಡಗಿದರು. ನನ್ನ ಕಣ್ಣಿಗೆ ಪಾಲುದಾರಿಕೆಯ ಅತ್ಯಂತ ಗಟ್ಟಿಯಾದ ಫಲ ಅದು.

ಬಾಮಿಯಾನಿನಲ್ಲಿ ಕಂಡ ಒಂದು ದೃಶ್ಯವನ್ನು ಹೇಳುತ್ತೇನೆ. ಆಗಾ ಖಾನ್ ಜಾಲದವರು ಅಲ್ಲಿನ ಪ್ರಾಂತೀಯ ಆಸ್ಪತ್ರೆಯನ್ನು ಟೆಲಿಮೆಡಿಸಿನ್ ಮೂಲಕ ಕಾಬೂಲಿನ ಈ ಆಸ್ಪತ್ರೆಗೂ, ಅಲ್ಲಿಂದ ಕರಾಚಿಗೂ ಜೋಡಿಸಿದ್ದರು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದ್ದ ದಿನ, ಉಸಿರಾಟಕ್ಕೆ ಕಷ್ಟಪಡುತ್ತಿದ್ದ ಮಗುವೊಂದರ ಎದೆಯ ಎಕ್ಸ್‌ರೇಯನ್ನು ಬಾಮಿಯಾನಿನಿಂದ ಕಳುಹಿಸಿ, ಬುಖಾರಿ ಒಲೆಯ ಸುತ್ತ ಕೈ ಕಾಯಿಸುತ್ತ ಎಲ್ಲರೂ ಉತ್ತರಕ್ಕಾಗಿ ಕಾಯುತ್ತಿದ್ದೆವು. ಮಗುವನ್ನು ಸಾಗಿಸುವ ಅಗತ್ಯವಿಲ್ಲ, ಇಲ್ಲೇ ಇಂಥ ಔಷಧಿ ಕೊಡಿ ಎಂದು ಉತ್ತರ ಬಂತು. ಆ ದಾರಿಯಲ್ಲಿ ಮಗುವನ್ನು ಹೊತ್ತು ಹೊರಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಾಗೆಂದು ಸಾಗಿಸಲೇಬೇಕಾದವರು ಇಲ್ಲವೆಂದಲ್ಲ. ದೂರದ ಪ್ರಾಂತ್ಯಗಳಿಂದ ಬರುವ ಬಡ ತಾಯಿ-ಮಕ್ಕಳು ಚಿಕಿತ್ಸೆಯ ಅವಧಿಯಲ್ಲಿ ತಂಗಲೆಂದೇ ಫ್ರೆಂಚ್ ಸಂಸ್ಥೆಯವರು ಕಾಬೂಲಿನಲ್ಲಿ ವಸತಿಗೃಹವೊಂದನ್ನು ನಡೆಸುತ್ತಾರೆ.

ಕೆರೆದಂಡೆ

ಮೂವರಿಗೂ ಧನ್ಯವಾದಗಳು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮರಳಿ ಬಂದು ಸರ್ಕಾರವೇ ಬಿದ್ದುಹೋದಾಗ ನಾಲ್ವರಲ್ಲಿ ಒಬ್ಬ ಪಾಲುದಾರ ಇಲ್ಲವಾದಂತೆ, ಫ್ರಾನ್ಸಿನ ರಾಯಭಾರ ಕಚೇರಿಯೂ ಮುಚ್ಚಿತು. ಆದರೂ ಆಸ್ಪತ್ರೆ ಕೆಲಸ ಮುಂದುವರಿಸಿದೆ ಎಂದು ಓದಿದ್ದೇನೆ. ಅದು ಹೇಗೆ ಸಾಧ್ಯವಾಯಿತು?

ಹಳೆಯ ಲೆಕ್ಕಪುಸ್ತಕ

ನನ್ನ ಎರಡು ಪ್ರಶ್ನೆಗಳಿಗೆ ಹಿಂತಿರುಗಿ ನೋಡಿ. ಹಳ್ಳಿಗಳ ಚಿಕಿತ್ಸಾಲಯಗಳ ಸಂಬಳವೆಲ್ಲ ವಿಶ್ವ ಬ್ಯಾಂಕ್ ನಿರ್ವಹಿಸುವ ಒಂದೇ ನಿಧಿಯ ನಲ್ಲಿಯಿಂದ ಬರುತ್ತಿತ್ತು. ಆಗಸ್ಟ್‌ನಲ್ಲಿ ಆ ನಲ್ಲಿಯನ್ನು ತಿರುಗಿಸಿದ ಕೂಡಲೇ ಸಾವಿರಾರು ಚಿಕಿತ್ಸಾಲಯಗಳಲ್ಲಿ ಸಂಬಳವೂ ಇಲ್ಲ, ಔಷಧಿಯೂ ಇಲ್ಲ ಎಂಬಂತಾಯಿತು. ಕಾಬೂಲಿನ ಈ ಆಸ್ಪತ್ರೆಗೆ ರೋಗಿಗಳ ಶುಲ್ಕ ಒಂದು ಕಡೆಯಿಂದ, ಜಾಲದ ಸ್ವಂತ ಹಣ ಇನ್ನೊಂದು ಕಡೆಯಿಂದ, ಫ್ರಾನ್ಸಿನ ಸಾಮಾನ್ಯ ದಾನಿಗಳ ಹಣ ಮತ್ತೊಂದು ಕಡೆಯಿಂದ ಬರುತ್ತದೆ. ಬ್ಯಾಂಕುಗಳಿಂದ ಹಣ ತೆಗೆಯುವುದೇ ದುಸ್ತರವಾಗಿದ್ದ ಆ ದಿನಗಳಲ್ಲಿ ಕೌಂಟರಿನಲ್ಲಿ ಬೀಳುವ ರೊಕ್ಕಕ್ಕೆ ಎಷ್ಟು ಬೆಲೆ ಎಂಬುದು ನನ್ನಂಥವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ನೇಮಕದ ಅಧಿಕಾರ ಸಚಿವಾಲಯದ ಕೈಯಲ್ಲಿರದೆ ವಿಶ್ವವಿದ್ಯಾಲಯದ ಕೈಯಲ್ಲಿದ್ದುದರಿಂದ, ಸಚಿವರು ಬದಲಾದರೂ ಪಾಳಿಯ ಪಟ್ಟಿ ಬದಲಾಗಬೇಕಾಗಿರಲಿಲ್ಲ. ಶುಲ್ಕ ಪಡೆಯುವುದನ್ನು ನೀವು ದೋಷವೆಂಬಂತೆ ಕೇಳಿದಿರಿ, ಆದರೆ ಆ ವರ್ಷ ಅದೇ ಒಂದು ಆಸರೆಯಾಯಿತು ಎಂದು ನಾನು ಭಾವಿಸುತ್ತೇನೆ.

ಹಿಂದೂಕುಶ್ ಕಂಡವ

ಆಸ್ಪತ್ರೆ ಉಳಿಯಿತು ಎಂದು ನಿರಾಳವಾಗಿ ಬರೆದುಬಿಡಬೇಡಿ. 2022ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತು. 2024ರ ಡಿಸೆಂಬರಿನಲ್ಲಿ ಶುಶ್ರೂಷೆ ಮತ್ತು ಸೂಲಗಿತ್ತಿ ತರಬೇತಿಯ ಸಂಸ್ಥೆಗಳಿಂದಲೂ ಅವರನ್ನು ಹೊರಗಿಡಲಾಯಿತು. ಪುರುಷ ವೈದ್ಯರಿಂದ ಹೆರಿಗೆ ಮಾಡಿಸಿಕೊಳ್ಳಲು ಮನೆಯವರು ಒಪ್ಪದ ನಾಡಿನಲ್ಲಿ, ಈಗ ಕೆಲಸದಲ್ಲಿರುವ ವೈದ್ಯೆಯರು ಮತ್ತು ಸೂಲಗಿತ್ತಿಯರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಬರುವವರೇ ಇಲ್ಲ. ಹಣ, ಉಪಕರಣ, ಒಪ್ಪಂದ ಎಲ್ಲವನ್ನೂ ಪಾಲುದಾರರು ಹೊರಗಿನಿಂದ ತರಬಲ್ಲರು, ಅಲ್ಲಿನ ಹೆಣ್ಣುಮಕ್ಕಳನ್ನು ತರಲಾರರು. ನಿಮ್ಮ ಪ್ರಬಂಧದಲ್ಲಿ ಇದಕ್ಕೊಂದು ಅಧ್ಯಾಯವೇ ಬೇಕು.

ಹೆರಿಗೆ ವಾರ್ಡಿನಿಂದ

ರಕ್ತನಿಧಿಯ ವಾದವನ್ನು ಒಪ್ಪುತ್ತೇನೆ; ಅನುಕ್ರಮದ ಬಗ್ಗೆ ನನ್ನ ಅಸಮಾಧಾನ ಅರ್ಧದಷ್ಟು ಇಳಿದಿದೆ, ಪೂರ್ತಿ ಇಳಿದಿಲ್ಲ. ವಿದ್ಯಾರ್ಥಿಗೆ ಒಂದು ಸೂಚನೆ: 1,600 ಮತ್ತು 620 ಎಂಬ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಇಟ್ಟು ಇಷ್ಟು ಶೇಕಡಾ ಇಳಿಕೆ ಎಂದು ಲೆಕ್ಕ ಹಾಕಬೇಡಿ. ಮೊದಲನೆಯದು ನಾಲ್ಕೇ ಜಿಲ್ಲೆಗಳ ಸಮೀಕ್ಷೆಯಿಂದ ಬಂದದ್ದು, ಎರಡನೆಯದು ಗಣಿತದ ಮಾದರಿಯ ಅಂದಾಜು. ಇಳಿದದ್ದು ನಿಜ, ಆದರೆ ಎಷ್ಟು ಎಂಬುದನ್ನು ಆ ಎರಡು ಅಂಕಿಗಳನ್ನು ಕಳೆದು ಹೇಳಲಾಗದು. ಪರೀಕ್ಷಕರು ಮೊದಲು ಹಿಡಿಯುವ ತಪ್ಪೇ ಇದು.

ಕೆರೆದಂಡೆ

ಕೋಷ್ಟಕವನ್ನು ಎರಡಾಗಿ ಒಡೆದು, ಮೂಲವನ್ನು ಪ್ರತ್ಯೇಕವಾಗಿ ಬರೆದಿದ್ದೇನೆ, ಮೇಡಂ. ಹೆಣ್ಣುಮಕ್ಕಳ ತರಬೇತಿಯ ನಿಷೇಧವನ್ನು ಕೊನೆಯ ಅಧ್ಯಾಯವಾಗಿ ಸೇರಿಸಲು ಮಾರ್ಗದರ್ಶಕರೂ ಒಪ್ಪಿದ್ದಾರೆ. ಲೆಕ್ಕಿಗರ ಮಾತನ್ನು ಸಹಪಾಠಿಗೆ ಅನುವಾದಿಸಿ ಹೇಳಿದೆ. ನಕ್ಕುಬಿಟ್ಟರು. ಚಿಕ್ಕಪ್ಪನ ಬಳಿ ಹದಿನಾಲ್ಕು ಕುರಿಗಳಿದ್ದವಂತೆ, ಅಂದು ಹೇಳಿದ್ದು ಐದು. ಆ ಮಹಿಳೆ ತಲೆಯೆತ್ತಿ ನೋಡದೆ ಎಂಟು ಎಂದು ಬರೆದುಕೊಂಡರಂತೆ.